ಪಕ್ಕದ ಸೀಟಿನ ಕೆಳಗೆ ಬ್ರೇಕ್ ಇರುವುದಿಲ್ಲ

ಪ್ರಶ್ನೆ: ನಾನು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕ, ವಯಸ್ಸು 43. ಹಿಂದೆ ಕೆಲವು ವರ್ಷ ಅಮೆರಿಕದ ಓಹಾಯೊ ರಾಜ್ಯದಲ್ಲಿ ಕೆಲಸದಲ್ಲಿದ್ದಾಗ, ಅಲ್ಲಿನ ಕಾರು ಕ್ಲಬ್ಬೊಂದು ಮಿಡ್-ಓಹಾಯೊ ಟ್ರ್ಯಾಕಿನಲ್ಲಿ ನಡೆಸುತ್ತಿದ್ದ ಚಾಲನಾ ಶಿಬಿರಗಳಿಗೆ ಹೋಗುತ್ತಿದ್ದೆ. ಪ್ರತಿ ಸಲವೂ ಯಾರೋ ಒಬ್ಬ ಹಿರಿಯ ಚಾಲಕರು ಒಂದು ಪೈಸೆ ತೆಗೆದುಕೊಳ್ಳದೆ ನನ್ನ ಪಕ್ಕದಲ್ಲಿ ಕುಳಿತು ತಿರುವು ತಿರುವಿಗೂ ಹೇಳಿಕೊಟ್ಟರು. ಊರಿಗೆ ಮರಳಿದ ಮೇಲೆ ಬಿಡುವು ಸಿಕ್ಕಾಗ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗಿ ನನ್ನ ಕಾರನ್ನು ಓಡಿಸಿ ಬರುತ್ತೇನೆ. ಈಗ ಬೆಂಗಳೂರಿನ ಕಾರುಪ್ರಿಯರ ಬಳಗವೊಂದು ಅಲ್ಲಿಯೇ ಹೊಸಬರಿಗಾಗಿ ಒಂದು ಶಿಬಿರ ಏರ್ಪಡಿಸುತ್ತಿದ್ದು, ನನ್ನನ್ನು ಸ್ವಯಂಸೇವಕ ಇನ್‌ಸ್ಟ್ರಕ್ಟರ್ ಆಗಲು ಕೇಳಿದೆ. ಸಂಭಾವನೆ ಇಲ್ಲ, ಊಟ, ಮತ್ತು ನನ್ನ ಕಾರಿಗೆ ಉಚಿತವಾಗಿ ಟ್ರ್ಯಾಕ್ ಸಮಯ. ಋಣ ತೀರಿಸಲು ಇದೊಂದು ಅವಕಾಶವೆಂದು ನನಗನ್ನಿಸುತ್ತದೆ. ನನ್ನ ಮನೆಯವರು ಮಾತ್ರ, "ನಿಮ್ಮ ಕಾರು ನೀವು ಓಡಿಸಿಕೊಳ್ಳಿ, ಬೇಡ ಅನ್ನುವುದಿಲ್ಲ, ಗುರುತಿಲ್ಲದವರ ಕೈಯಲ್ಲಿ ಜೀವ ಕೊಟ್ಟು ಯಾಕೆ ಕೂರಬೇಕು?" ಎನ್ನುತ್ತಾರೆ. ನನಗೆ ಕತ್ತಿನ ನೋವೂ ಸ್ವಲ್ಪ ಇದೆ. ಒಪ್ಪಿಕೊಳ್ಳಲೇ?
ಹೆಸರು ಬೇಡ, ವಿದ್ಯಾನಗರ, ದಾವಣಗೆರೆ

ಉತ್ತರ: ಈ ಸಲದ ಶಿಬಿರದಲ್ಲಿ ಪಕ್ಕದ ಸೀಟಿನ ಹೊಣೆಯನ್ನು ಒಪ್ಪಿಕೊಳ್ಳಬೇಡಿ, ಅದೇ ಶಿಬಿರದಲ್ಲಿ ಬೇರೆ ಹೊಣೆಯನ್ನು ಕೇಳಿ ಪಡೆಯಿರಿ. ಹೀಗೆ ಹೇಳುವುದಕ್ಕೆ ಕಾರಣ ನಿಮ್ಮ ಪತ್ರದಲ್ಲಿಯೇ ಇದೆ. ಸ್ಥಳದ ಅಭಾವದಿಂದ ಅದನ್ನು ಇಲ್ಲಿ ಮೊಟಕುಗೊಳಿಸಿದ್ದೇನೆ. ಮೂಲ ಪತ್ರದಲ್ಲಿ ನಿಮ್ಮ ಕಾರು, ನಿಮ್ಮ ಟೈರು, ನಿಮ್ಮ ಲ್ಯಾಪ್ ಸಮಯಗಳ ಬಗ್ಗೆ ಎರಡು ಪುಟಗಳಿದ್ದವು, ಕಲಿಯಲು ಬರುವವರು ಯಾರು, ಅವರಿಗೆ ಏನು ಗೊತ್ತಿರುತ್ತದೆ, ಯಾವ ಕಾರಿನಲ್ಲಿ ಬರುತ್ತಾರೆ ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನೀವು ಒಳ್ಳೆಯ ಚಾಲಕರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಿಮ್ಮನ್ನು ಕೇಳಿರುವ ಕೆಲಸದಲ್ಲಿ ಸ್ಟೀರಿಂಗ್ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಈ ಶಿಬಿರಗಳ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು. ಇದು ರೇಸ್ ಅಲ್ಲ. ಸ್ವಂತ ಕಾರನ್ನು ತಂದವರಿಗೆ, ಮುಚ್ಚಿದ ಟ್ರ್ಯಾಕಿನಲ್ಲಿ, ಹೆಚ್ಚಿನ ವೇಗದಲ್ಲಿ ಕಾರನ್ನು ಹತೋಟಿಯಲ್ಲಿಟ್ಟುಕೊಳ್ಳುವುದನ್ನು ಕಲಿಸುವ ತರಗತಿ. ಅಮೆರಿಕದಲ್ಲಿ 1955ರಲ್ಲಿ ಸ್ಥಾಪನೆಯಾದ ಪೋರ್ಷೆ ಕ್ಲಬ್ ಆಫ್ ಅಮೆರಿಕ, 1969ರಲ್ಲಿ ಆರಂಭವಾದ ಬಿಎಂಡಬ್ಲ್ಯು ಕಾರ್ ಕ್ಲಬ್ ಮೊದಲಾದವು ಇದನ್ನು ದಶಕಗಳಿಂದ ನಡೆಸಿಕೊಂಡು ಬಂದಿವೆ. ಬಹುಪಾಲು ಕಲಿಸುವವರೆಲ್ಲ ಸ್ವಯಂಸೇವಕರೇ. ಇಪ್ಪತ್ತು, ಮೂವತ್ತು ನಿಮಿಷಗಳ ಸರದಿಗಳು. ನಡುನಡುವೆ ತರಗತಿಯ ಪಾಠ. ಹೊಸಬರ ಗುಂಪಿನಲ್ಲಿ ಯಾರೂ ತಮಗೆ ತೋಚಿದ ಕಡೆ ಹಿಂದಿಕ್ಕುವಂತಿಲ್ಲ. ಮುಂದಿನ ಕಾರಿನವರು ಕಿಟಕಿಯಿಂದ ಕೈ ಹೊರಚಾಚಿ ಹೋಗಲು ಸನ್ನೆ ಮಾಡಿದರೆ ಮಾತ್ರ, ಅದೂ ಗೊತ್ತುಪಡಿಸಿದ ನೇರ ಭಾಗದಲ್ಲಿ, ಮುಂದೆ ಹೋಗಬಹುದು. ನಮ್ಮ ದೇಶದಲ್ಲಿ ಇಂಥ ಚಟುವಟಿಕೆಗೆ ಯೋಗ್ಯವಾದ ಟ್ರ್ಯಾಕುಗಳು ಬೆರಳೆಣಿಕೆಯಷ್ಟು: ಇರುಂಗಾಟ್ಟುಕೋಟೈಯಲ್ಲಿರುವ 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಗ್ರೇಟರ್ ನೊಯ್ಡಾದ ಬುದ್ಧ ಸರ್ಕಿಟ್, ಹೀಗೆ. ದಾವಣಗೆರೆಯವರಿಗೆ ಇದರಲ್ಲೊಂದು ತಮಾಷೆಯ ಅನುಕೂಲವಿದೆ. ನಿಮ್ಮೂರಿನ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಬೆಂಗಳೂರನ್ನು ದಾಟಿ ಚೆನ್ನೈಗೆ ಹೋಗುವ ದಾರಿಯಲ್ಲಿ ಇರುಂಗಾಟ್ಟುಕೋಟೈಯನ್ನೂ ಮುಟ್ಟುತ್ತದೆ. ಒಂದೇ ರಸ್ತೆ, ಸುಮಾರು ಆರುನೂರು ಕಿಲೋಮೀಟರು.

ಈಗ ಆ ಸೀಟಿನ ವಿಚಾರ. ನಮ್ಮೂರುಗಳ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲ ಬುಡದಲ್ಲಿಯೂ ಒಂದು ಬ್ರೇಕ್ ಇರುತ್ತದೆ. ತರಬೇತಿ ಶಾಲೆಯ ಕಾರಿನಲ್ಲಿ ಈ ಎರಡನೆಯ ನಿಯಂತ್ರಣ ಇರಲೇಬೇಕೆಂದು ಕೇಂದ್ರದ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಟ್ರ್ಯಾಕಿಗೆ ಬರುವವರು ತರುವುದು ತಮ್ಮ ಸ್ವಂತ ಕಾರನ್ನು. ಅಲ್ಲಿ ನಿಮ್ಮ ಕಾಲ ಕೆಳಗಿರುವುದು ಮ್ಯಾಟ್ ಮಾತ್ರ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಇಟ್ಟುಕೊಂಡು ಕಲಿಸುವವನಿಗಿರುವ ರಕ್ಷಣೆ, 150 ಕಿ.ಮೀ. ವೇಗದಲ್ಲಿ ಕಲಿಸುವವನಿಗೆ ಇಲ್ಲ. ನಿಮಗಿರುವುದು ಬಾಯಿ, ಸನ್ನೆ ಮಾಡಲು ಒಂದು ಕೈ, ಮತ್ತು ತೀರಾ ಅನಿವಾರ್ಯವಾದರೆ ಸ್ಟೀರಿಂಗ್ ಹಿಡಿಯುವ ಅವಕಾಶ. ಈ ಕೊನೆಯದನ್ನು ಅನುಭವಸ್ಥರು ಆದಷ್ಟು ದೂರವೇ ಇಡುತ್ತಾರೆ, ಏಕೆಂದರೆ ಇಬ್ಬರು ಹಿಡಿದ ಸ್ಟೀರಿಂಗ್ ಯಾರ ಮಾತನ್ನೂ ಕೇಳುವುದಿಲ್ಲ.

ನೀವು ಮೆಕ್ಯಾನಿಕಲ್ ಅಧ್ಯಾಪಕರಾದ್ದರಿಂದ ಲೆಕ್ಕದಲ್ಲಿಯೇ ಹೇಳುತ್ತೇನೆ. 150 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 42 ಮೀಟರು. "ಬ್ರೇಕ್" ಎಂಬ ಒಂದು ಪದ ನಿಮ್ಮ ಬಾಯಿಂದ ಹೊರಟು, ಹೆಲ್ಮೆಟ್ಟಿನೊಳಗಿನ ಕಿವಿಗೆ ತಲುಪಿ, ಅರ್ಥವಾಗಿ, ಕಾಲು ಪೆಡಲಿನಿಂದ ಪೆಡಲಿಗೆ ಸರಿಯುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ, ಕಾರು 60 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಹಾಗಾಗಿ ತಪ್ಪು ಕಣ್ಣಿಗೆ ಕಂಡ ಮೇಲೆ ಹೇಳುವವನು ಈ ಕೆಲಸಕ್ಕೆ ಸಲ್ಲ. ಕಲಿಯುವವನ ಭುಜ ಬಿಗಿಯಾದದ್ದನ್ನು, ಕಣ್ಣು ಬಾನೆಟ್ಟಿನ ಮೇಲೆ ಇಳಿದದ್ದನ್ನು, ಹಿಂದಿನ ಸುತ್ತಿಗಿಂತ ಎಂಜಿನ್ ಸದ್ದು ಒಂದಿಷ್ಟು ಹೆಚ್ಚು ಹೊತ್ತು ಏರಿದ್ದನ್ನು ಗಮನಿಸಿ, ತಪ್ಪು ಹುಟ್ಟುವ ಮೊದಲೇ ಹೇಳುವವನು ಬೇಕು. ನಿಮ್ಮ ಕಾರನ್ನು ನೀವು ಓಡಿಸುವಾಗ ಇದೆಲ್ಲ ಸೊಂಟ ಮತ್ತು ಅಂಗೈಗಳ ಮೂಲಕ ನಿಮಗೆ ಗೊತ್ತಾಗುತ್ತಿರುತ್ತದೆ. ಪಕ್ಕದಲ್ಲಿ ಕುಳಿತಾಗ ಅಂಗೈಯ ಸುದ್ದಿ ಬಂದ್ ಆಗುತ್ತದೆ, ಸೊಂಟಕ್ಕೆ ಬರುವುದು ಮಾತ್ರ ಉಳಿಯುತ್ತದೆ. ಇದಕ್ಕೆ ಒಗ್ಗಿಕೊಳ್ಳಲು ಬೇಕಾದ ಅಭ್ಯಾಸವೇ ಬೇರೆ.

ಮಾತಿನ ವಿಷಯದಲ್ಲಿ ಅಧ್ಯಾಪಕರಿಗೊಂದು ಅನುಕೂಲವೂ ಒಂದು ಅನಾನುಕೂಲವೂ ಇದೆ. ತರಗತಿಯಲ್ಲಿ ಯಾರಿಗೆ ಅರ್ಥವಾಗಿಲ್ಲ ಎಂಬುದನ್ನು ಮುಖ ನೋಡಿಯೇ ಹೇಳಬಲ್ಲಿರಿ. ಅದು ದೊಡ್ಡ ಅನುಕೂಲ. ಆದರೆ ನಾವು ಪಾಠ ಮಾಡಿದವರು, ನಾನೂ ಆ ಜಾತಿಯವನೇ, ಕಾರಣ ವಿವರಿಸದೆ ಸೂಚನೆ ಕೊಡಲಾರೆವು. ತಿರುವಿನ ನಡುವೆ ತೂಕ ಮುಂದಕ್ಕೆ ವರ್ಗವಾಗಿ ಹಿಂದಿನ ಟೈರುಗಳ ಹಿಡಿತ ಏಕೆ ಕಡಿಮೆಯಾಗುತ್ತದೆ ಎಂಬುದನ್ನು ಕಾರು ನಿಂತಾಗ ಹೇಳಬೇಕು. ಓಡುವಾಗ "ಬ್ರೇಕ್", "ಬಿಡು", "ನಿಧಾನ", "ದೂರ ನೋಡು" ಇಷ್ಟೇ. ಇಲ್ಲೊಂದು ನಮ್ಮದೇ ಆದ ತೊಡಕಿದೆ. ದುಬಾರಿ ಕಾರು ತಂದವರು ಉದ್ಯಮಿಗಳೋ ವೈದ್ಯರೋ ನಿಮಗಿಂತ ಹತ್ತು ವರ್ಷ ಹಿರಿಯರೋ ಆಗಿರುತ್ತಾರೆ. "ಸರ್, ಸ್ವಲ್ಪ ಬ್ರೇಕ್ ಒತ್ತುತ್ತೀರಾ" ಎಂದು ಮುಗಿಸುವಷ್ಟರಲ್ಲಿ ತಿರುವು ಬಂದು ಹೋಗಿರುತ್ತದೆ. ಆದ್ದರಿಂದ ಹೆಲ್ಮೆಟ್ ಹಾಕುವ ಮೊದಲೇ, "ಕಾರು ಓಡುವಾಗ ಏಕವಚನದಲ್ಲಿ ಕೂಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ" ಎಂದು ಹೇಳಿ ಒಪ್ಪಿಗೆ ಪಡೆಯುವುದು ಒಳ್ಳೆಯದು. ನಾಲ್ಕೈದು ಪದಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಆಡಿದ ಪದವನ್ನೇ ಆಡುತ್ತಿರಬೇಕು. ಹಿರಿಯರಿಗೆ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ ಎನ್ನುವವರು ಈ ಸೀಟಿಗೆ ಬರದಿರುವುದೇ ಲೇಸು.

ಕಲಿಯಲು ಬರುವವರ ರಸ್ತೆಯ ಅಭ್ಯಾಸವನ್ನೂ ನೆನಪಿನಲ್ಲಿಡಬೇಕು. ನಮ್ಮ ಕಡೆಯ ಚಾಲಕನ ಕಣ್ಣು ಪಳಗಿರುವುದು ಹತ್ತಿರದ ನೆಲದ ಮೇಲೆ. ಸರ್ವಿಸ್ ರಸ್ತೆಯ ಅರ್ಧಕ್ಕೆ ಹರವಿದ ಮೆಕ್ಕೆಜೋಳ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರು, ಗುರುತು ಹಾಕದ ಹಂಪು, ಎದುರು ದಿಕ್ಕಿನಿಂದಲೇ ಬರುವ ಬೈಕು: ಇವುಗಳಿಂದ ಪಾರಾಗಲು ಇಪ್ಪತ್ತು ಮೀಟರ್ ಮುಂದಿನದನ್ನು ನೋಡುತ್ತಲೇ ಇರಬೇಕಾಗುತ್ತದೆ, ಮತ್ತು ಆ ಅಭ್ಯಾಸ ಅವರನ್ನು ಇಷ್ಟು ವರ್ಷ ಬದುಕಿಸಿದೆ. ಟ್ರ್ಯಾಕಿನಲ್ಲಿ ಅದೇ ಅಭ್ಯಾಸ ತಿರುಗುಬಾಣವಾಗುತ್ತದೆ. ಬ್ರೇಕ್ ಒತ್ತುವ ಮೊದಲೇ ತಿರುವಿನ ಒಳಂಚನ್ನು ನೋಡಿರಬೇಕು, ಒಳಂಚನ್ನು ಮುಟ್ಟುವ ಮೊದಲೇ ಹೊರಬೀಳುವ ಜಾಗವನ್ನು. ಮೊದಲ ಎರಡು ಸರದಿಗಳಲ್ಲಿ ನಾನಾದರೆ ವೇಗದ ಮಾತನ್ನೇ ಎತ್ತುವುದಿಲ್ಲ. ಕಣ್ಣನ್ನು ಎತ್ತಿಸುವ ಕೆಲಸವೊಂದೇ ಸಾಕಾಗುತ್ತದೆ.

ಅಪಾಯ ಹುಟ್ಟುವ ಕಡೆಗಳು ಹೆಚ್ಚೇನಿಲ್ಲ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ತೆಗೆಯುವುದು ಒಂದು. ಕಾರಿನ ಹಿಂಭಾಗ ಜಾರುವುದು ಆಗಲೇ. ತಿರುವಿನಿಂದ ಹೊರಬರುವಾಗ ಎರಡು ಗಾಲಿ ಟಾರಿನಿಂದ ಕೆಳಗಿಳಿದ ಕೂಡಲೇ ಸ್ಟೀರಿಂಗನ್ನು ಒಳಕ್ಕೆ ಎಳೆಯುವುದು ಇನ್ನೊಂದು. ಎಳೆದರೆ ಕಾರು ಟ್ರ್ಯಾಕಿಗೆ ಅಡ್ಡಲಾಗಿ ನುಗ್ಗಿ ಎದುರಿನ ಗೋಡೆಯ ಕಡೆಗೆ ಹೋಗುತ್ತದೆ. ಆಗ ಹೇಳಬೇಕಾದದ್ದು "ನೇರ ಹಿಡಿ, ನಿಧಾನ" ಎಂದು. ಮಣ್ಣಿನಲ್ಲಿಯೇ ನೇರವಾಗಿ ಓಡಲು ಬಿಟ್ಟು, ವೇಗ ಇಳಿದ ಮೇಲೆ ಮೆಲ್ಲಗೆ ಒಳಗೆ ಬರಬೇಕು. ಕಾರು ಸುತ್ತಲು ತೊಡಗಿದರೆ ಕ್ಲಚ್ಚು, ಬ್ರೇಕು ಎರಡನ್ನೂ ಪೂರ್ತಿ ಒತ್ತಿಸಬೇಕು. ಈ ಮೂರನ್ನೂ ನೀವು ನಿದ್ದೆಯಲ್ಲಿಯೂ ಮಾಡಬಲ್ಲಿರಿ. ಇನ್ನೊಬ್ಬರಿಂದ ಅರ್ಧ ಸೆಕೆಂಡಿನಲ್ಲಿ ಮಾಡಿಸಬಲ್ಲಿರಾ ಎಂಬುದು ನಿಮಗೂ ಇನ್ನೂ ಗೊತ್ತಿಲ್ಲ.

ಹೆದರುವ ವಿದ್ಯಾರ್ಥಿ ನಿಮಗೆ ತೊಂದರೆ ಕೊಡುವುದಿಲ್ಲ. ಅವನು ನಿಧಾನವಾಗಿ ಹೋಗುತ್ತಾನೆ. ತೊಂದರೆ ಬರುವುದು ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಬಂತು ಅಂದುಕೊಂಡವನಿಂದ. ಅವನ ಕಾರಿನಲ್ಲಿ ಮುನ್ನೂರು ಅಶ್ವಶಕ್ತಿಯ ಎಂಜಿನ್ನೂ, ಅವನ ತಪ್ಪುಗಳನ್ನೆಲ್ಲ ಗುಟ್ಟಾಗಿ ತಿದ್ದುವ ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆಯೂ ಇರುತ್ತವೆ. ಕೊನೆಯ ಸರದಿಯಲ್ಲಿ ಟೈರು ಕಾದಿರುತ್ತದೆ, ಮೈ ದಣಿದಿರುತ್ತದೆ, ಗೆಳೆಯರು ಪಿಟ್ಟಿನ, ಅಂದರೆ ಟ್ರ್ಯಾಕಿನ ಪಕ್ಕದಲ್ಲಿ ಕಾರುಗಳು ಬಂದು ನಿಲ್ಲುವ ಜಾಗದ, ಬಳಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ, "ಇವತ್ತಿಗೆ ಸಾಕು, ಪಿಟ್ಟಿಗೆ ತಗೋ" ಎಂದು ಹೇಳಿ, ಅವನು ಮುಖ ಊದಿಸಿಕೊಂಡರೂ ಕಾರಿನಿಂದ ಇಳಿದು ಬರುವ ಗಟ್ಟಿತನ ಬೇಕು. ಸ್ವಯಂಸೇವಕನಿಗೆ ಸಂಬಳವಿಲ್ಲ, ನಿಜ. ಹಾಗೆಯೇ ಸಂಬಳ ಕೊಡುವವರ ಹಂಗೂ ಇಲ್ಲ. ಆ ಸ್ವಾತಂತ್ರ್ಯವನ್ನು ಬಳಸಿಕೊಳ್ಳಬಲ್ಲವರಿಗೆ ಮಾತ್ರ ಇದು ಒಗ್ಗುತ್ತದೆ.

ಕತ್ತಿನ ನೋವಿನ ಮಾತನ್ನು ನೀವು ಕೊನೆಯಲ್ಲಿ ಹಗುರವಾಗಿ ಹೇಳಿದ್ದೀರಿ, ಅದು ಹಗುರವಾದದ್ದಲ್ಲ. ಓಡಿಸುವವನಿಗೆ ಸ್ಟೀರಿಂಗಿನ ಆಸರೆ ಇರುತ್ತದೆ, ಮುಂದೇನಾಗಲಿದೆ ಎಂಬುದೂ ಗೊತ್ತಿರುತ್ತದೆ. ಪಕ್ಕದಲ್ಲಿರುವವನ ತಲೆ, ಹೆಲ್ಮೆಟ್ಟಿನ ಭಾರ ಸೇರಿ, ಪ್ರತಿ ಬ್ರೇಕಿಗೂ ಮುಂದೆ, ಪ್ರತಿ ತಿರುವಿಗೂ ಪಕ್ಕಕ್ಕೆ ಎಳೆದುಹೋಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಇಬ್ಬರು ವಿದ್ಯಾರ್ಥಿಗಳ ಸರದಿಗಳಲ್ಲಿ ಕುಳಿತು, ನಡುವೆ ನಿಮ್ಮ ಉಚಿತ ಸರದಿಯಲ್ಲಿ ನೀವೂ ಓಡಿಸಿ, ಚೆನ್ನೈಯ ಸೆಕೆಯಲ್ಲಿ ಎ.ಸಿ. ಇಲ್ಲದೆ ಕಿಟಕಿ ಇಳಿಸಿಕೊಂಡು ಇರಬೇಕಾಗುತ್ತದೆ. ಹೊಟ್ಟೆ ತೊಳಸುವುದು ಅನುಭವಸ್ಥರನ್ನೂ ಬಿಡುವುದಿಲ್ಲ. ಮೂಳೆ ವೈದ್ಯರಿಗೆ ವಿಷಯವನ್ನು ಪೂರ್ತಿ ಹೇಳಿ ಕೇಳಿ. "ಕಾರಿನಲ್ಲಿ ಪ್ರಯಾಣ ಮಾಡಬಹುದೇ" ಎಂದಷ್ಟೇ ಕೇಳಿ ಅನುಮತಿ ಗಿಟ್ಟಿಸಿಕೊಳ್ಳಬೇಡಿ.

ಇನ್ನು ಬಳಗದವರನ್ನು ಕೇಳಬೇಕಾದದ್ದು. ಕಲಿಸುವವರಿಗೆ ಮೊದಲು ನೀವು ಏನು ಕಲಿಸುತ್ತೀರಿ? ಇದು ಮೊದಲ ಪ್ರಶ್ನೆ, ಹೆಚ್ಚೂಕಡಿಮೆ ಕೊನೆಯದೂ ಹೌದು. ಅಮೆರಿಕದಲ್ಲಿ ಮೋಟಾರ್‌ಸ್ಪೋರ್ಟ್ ಸೇಫ್ಟಿ ಫೌಂಡೇಶನ್ ಎಂಬ ಸಂಸ್ಥೆ ತರಬೇತುದಾರರಿಗಾಗಿಯೇ ಪಾಠ ಮತ್ತು ಪ್ರಮಾಣಪತ್ರದ ವ್ಯವಸ್ಥೆ ಮಾಡಿದೆ. ಕ್ಲಬ್ಬುಗಳಲ್ಲೂ ಹೊಸ ತರಬೇತುದಾರನನ್ನು ಹಳಬರ ಪಕ್ಕದಲ್ಲಿ ಕೂರಿಸಿ, ಹಳಬರು ಬೇಕೆಂದೇ ತಪ್ಪು ಮಾಡುತ್ತಾ, ಇವನು ಎಷ್ಟು ಬೇಗ ಗುರುತಿಸಿ ಏನು ಹೇಳುತ್ತಾನೆಂದು ಪರೀಕ್ಷಿಸುವ ಪದ್ಧತಿ ಇದೆ. ನಿಮ್ಮ ಬಳಗದವರು, "ನೀವು ಚೆನ್ನಾಗಿ ಓಡಿಸುತ್ತೀರಲ್ಲ ಸರ್, ಇನ್ನೇನು ಬೇಕು" ಎಂದರೆ, ನಮಸ್ಕಾರ ಹೇಳಿ ಬನ್ನಿ. ಹೆಲ್ಮೆಟ್ಟಿನೊಳಗಿನ ಇಂಟರ್‌ಕಾಮ್ ಕೊಡುತ್ತಾರೆಯೇ, ಆಂಬುಲೆನ್ಸ್ ಇಡೀ ದಿನ ಟ್ರ್ಯಾಕಿನಲ್ಲೇ ನಿಂತಿರುತ್ತದೆಯೇ, ಪ್ರತಿ ತಿರುವಿಗೂ ಅಪಾಯವಿದ್ದರೆ ಬಾವುಟ ತೋರಿಸಿ ಎಚ್ಚರಿಸುವ ಮಾರ್ಷಲ್ ಇರುತ್ತಾರೆಯೇ ಎಂಬುದನ್ನು ಒಂದು ಫೋನಿನಲ್ಲಿ ಕೇಳಿ ಮುಗಿಸಬಹುದು.

ಕಾರನ್ನು ಮಾತ್ರ ಬೇರೆಯವರ ಮಾತಿಗೆ ಬಿಡದೆ ನೀವೇ ನೋಡಬೇಕು. ವೇಗ ಇಮ್ಮಡಿಯಾದರೆ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಅದೆಲ್ಲವೂ ಶಾಖವಾಗಿ ಬ್ರೇಕ್ ಆಯಿಲಿಗೂ ತಲುಪುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ಗಾಳಿಯ ತೇವ ಹೀರಿಕೊಂಡ ಹಳೆಯದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆಗಳಾಗಿ, ಒತ್ತಿದ ಪೆಡಲು ನೆಲಕ್ಕೆ ಇಳಿದುಹೋಗುತ್ತದೆ. ಶೋರೂಮಿನಿಂದ ತಂದ ಮೇಲೆ ಆಯಿಲ್ ಬದಲಾಯಿಸಿದ್ದು ಯಾವಾಗ ಎಂದು ಮಾಲೀಕರನ್ನು ಕೇಳಿ. ಆಲೋಚಿಸತೊಡಗಿದರೆ ಬದಲಾಯಿಸಿಲ್ಲವೆಂದೇ ಅರ್ಥ. ಆಮೇಲೆ ಬಗ್ಗಿ ಸೀಟಿನ ಕೆಳಗೆ ಕೈಯಾಡಿಸಿ. ಬಂದ ದಾರಿಯಲ್ಲಿ ಕುಡಿದು ಎಸೆದ ನೀರಿನ ಬಾಟಲಿ ಅಲ್ಲಿರುತ್ತದೆ. ಮೊದಲ ಬ್ರೇಕಿಗೆ ಅದು ಉರುಳಿಕೊಂಡು ಮುಂದೆ ಬಂದು ಬ್ರೇಕ್ ಪೆಡಲಿನ ಹಿಂದೆ ಕೂರುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಈ ಶಿಬಿರದಲ್ಲಿ ತರಗತಿಯ ಪಾಠವನ್ನು ನಿಮಗೆ ಕೊಡಲು ಕೇಳಿ; ಟೈರಿನ ಹಿಡಿತ, ತೂಕದ ವರ್ಗಾವಣೆಗಳನ್ನು ನಿಮ್ಮಷ್ಟು ಚೆನ್ನಾಗಿ ಹೇಳುವವರು ಆ ಬಳಗಕ್ಕೆ ಸುಲಭವಾಗಿ ಸಿಗಲಾರರು. ಬಿಡುವಿನಲ್ಲಿ ಅನುಭವಿ ತರಬೇತುದಾರರಿಗೆ ನಿಮ್ಮ ಕಾರನ್ನು ಓಡಿಸಲು ಕೊಟ್ಟು, ನೀವು ಪಕ್ಕದಲ್ಲಿ ಕುಳಿತು ತರಬೇತುದಾರನಂತೆ ಮಾತನಾಡಿ. ಅವರು ಸೈ ಎಂದರೆ, ಕತ್ತು ಸುಮ್ಮನಿದ್ದರೆ, ಮುಂದಿನ ಸಲ ಒಬ್ಬನೇ ವಿದ್ಯಾರ್ಥಿಯನ್ನು, ಸಾಧಾರಣ ಶಕ್ತಿಯ ಕಾರಿನವನನ್ನು, ಒಪ್ಪಿಕೊಳ್ಳಿ. ಉಚಿತ ಟ್ರ್ಯಾಕ್ ಸಮಯದ ಆಸೆಗೆ ಒಪ್ಪುವುದಾದರೆ ಬೇಡವೇ ಬೇಡ; ಹಣ ಕೊಟ್ಟು ಓಡಿಸಿ ಬರುವುದೇ ಅಗ್ಗ.

ಪ್ರಶ್ನೆ: ಮೊದಲ ಪತ್ರದಂಥದೇ ಕೆಲಸವನ್ನು ನನ್ನ ಯಜಮಾನರು ಈಗಾಗಲೇ ಒಪ್ಪಿಕೊಂಡು ಬಂದಿದ್ದಾರೆ, ಕೊಯಮತ್ತೂರಿನಲ್ಲಿ ಮುಂದಿನ ತಿಂಗಳು. "ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ, ನನ್ನ ಹತ್ತಿರ ಒಳ್ಳೆಯ ಹೆಲ್ಮೆಟ್ ಇದೆ, ಒಂದು ಫಾರಂಗೆ ಸಹಿ ಹಾಕಿದರೆ ಮುಗಿಯಿತು" ಎನ್ನುತ್ತಾರೆ. ತಡೆಯುವ ಮನಸ್ಸು ನನಗಿಲ್ಲ. ಆದರೆ ಏನೇನು ಕೇಳಿ ತಿಳಿದುಕೊಳ್ಳಬೇಕು?
ಗೃಹಿಣಿ, ಚಿತ್ರದುರ್ಗ

ಉತ್ತರ: ಅವರು ಹೇಳಿದ ಮೂರು ಮಾತುಗಳಲ್ಲಿ ಒಂದೊಂದನ್ನೂ ಕಾಗದ ತೋರಿಸಿ ಹೇಳಲು ಕೇಳಿ, ಅಮ್ಮಾ.

ಇನ್ಶೂರೆನ್ಸ್ ಮೊದಲು. ಖಾಸಗಿ ಕಾರಿನ ಪಾಲಿಸಿಯಲ್ಲಿ "ಬಳಕೆಯ ಮಿತಿಗಳು" ಎಂಬ ಭಾಗವಿರುತ್ತದೆ. ಸಂಘಟಿತ ರೇಸ್, ವೇಗದ ಪರೀಕ್ಷೆ ಮೊದಲಾದ ಬಳಕೆಗಳಿಗೆ ವಿಮೆ ಅನ್ವಯಿಸುವುದಿಲ್ಲವೆಂದು ಅಲ್ಲಿ ಬರೆದಿರುತ್ತದೆ. ಶಿಬಿರ ರೇಸ್ ಅಲ್ಲವೆಂದು ನಾವು ವಾದಿಸಬಹುದು, ಮೇಲಿನ ಉತ್ತರದಲ್ಲಿ ನಾನೇ ಹಾಗೆ ಬರೆದಿದ್ದೇನೆ. ಆದರೆ ಕ್ಲೇಮಿನ ಅರ್ಜಿ ನೋಡುವ ಅಧಿಕಾರಿ ಆ ವಾದವನ್ನು ಒಪ್ಪುತ್ತಾರೆಂದು ನಂಬಿ ಕೂರುವಂತಿಲ್ಲ. ಟ್ರ್ಯಾಕಿನಲ್ಲಿ ಕಾರಿಗಾದ ಹಾನಿ ಕೈಯಿಂದಲೇ ಎಂದು ಎಣಿಸಿಕೊಳ್ಳುವುದು ಕ್ಷೇಮ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮ ಯಜಮಾನರು ಕೂರುವುದು ಬೇರೆಯವರ ಕಾರಿನಲ್ಲಿ. ನಿಮ್ಮ ಕಾರಿನ ಪಾಲಿಸಿಯ ಜೊತೆಗಿರುವ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಮಾಲೀಕ-ಚಾಲಕರಿಗಾಗಿ ಇರುವುದು. ಇನ್ನೊಬ್ಬರ ಕಾರಿನಲ್ಲಿ ಕುಳಿತ ತರಬೇತುದಾರರಿಗೆ ಅದು ಆಗಿಬರುವುದಿಲ್ಲ. ಹಾಗಾಗಿ ಅವರ ಜೀವವಿಮೆ, ಆರೋಗ್ಯವಿಮೆ, ಪ್ರತ್ಯೇಕ ಅಪಘಾತ ವಿಮೆ ಇದ್ದರೆ ಅದು, ಈ ಮೂರರ ಹೊರಗಿಡುವಿಕೆಯ ಪಟ್ಟಿಯನ್ನು ಓದಿ. ಅರ್ಥವಾಗದಿದ್ದರೆ ಏಜೆಂಟರಿಗೆ ಫೋನ್ ಮಾಡಬೇಡಿ. ಕಂಪನಿಗೆ ಇ-ಮೇಲ್ ಬರೆದು, "ಮುಚ್ಚಿದ ಟ್ರ್ಯಾಕಿನಲ್ಲಿ ಸಂಭಾವನೆಯಿಲ್ಲದೆ ಚಾಲನಾ ತರಬೇತಿ ನೀಡುವಾಗ ಅಪಘಾತವಾದರೆ ಅನ್ವಯಿಸುತ್ತದೆಯೇ" ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಇಟ್ಟುಕೊಳ್ಳಿ. ಫೋನಿನಲ್ಲಿ ಎಲ್ಲರೂ "ಕವರ್ ಆಗುತ್ತೆ ಮೇಡಂ" ಎಂದೇ ಹೇಳುತ್ತಾರೆ. ಆಯೋಜಕರು ಆ ದಿನಕ್ಕೆಂದು ಬೇರೆ ವಿಮೆ ಮಾಡಿಸಿದ್ದಾರೆಯೇ, ಅದರಲ್ಲಿ ಸ್ವಯಂಸೇವಕರು ಸೇರಿದ್ದಾರೆಯೇ ಎಂಬುದಕ್ಕೂ ಪ್ರತಿ ತರಿಸಿ.

ಹೆಲ್ಮೆಟ್ ಬೈಕಿನದೋ ಕಾರಿನದೋ ನೋಡಿ. ಹೆಲ್ಮೆಟ್ಟುಗಳನ್ನು ಪರೀಕ್ಷಿಸುವ ಅಮೆರಿಕದ ಸ್ನೆಲ್ ಪ್ರತಿಷ್ಠಾನದ ಮಾನ್ಯತೆ ಇದ್ದರೆ ಒಳಗಿನ ಬಟ್ಟೆಯನ್ನು ಸರಿಸಿದಾಗ ಒಂದು ಚೀಟಿ ಕಾಣುತ್ತದೆ. ಅದರಲ್ಲಿ ಎಂ ಅಕ್ಷರವಿದ್ದರೆ ಬೈಕಿನದು. ಎಸ್ಎ ಎಂದಿದ್ದರೆ ಕಾರಿನದು, ಬೆಂಕಿಗೆ ತಡೆಯುತ್ತದೆಯೇ ಎಂಬ ಪರೀಕ್ಷೆಯೂ ಅದಕ್ಕೆ ಆಗಿರುತ್ತದೆ. ಅಕ್ಷರದ ಜೊತೆಗಿರುವ ಇಸವಿ, ಉದಾಹರಣೆಗೆ ಎಸ್ಎ 2020, ಯಾವ ಕಾಲದ ಮಾನದಂಡ ಎಂಬುದನ್ನು ಹೇಳುತ್ತದೆ. ಮಾನದಂಡವನ್ನು ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. ಇದರ ಜೊತೆಗೆ ಯಜಮಾನರಿಗೆ ಒಂದು ಮಾತು ಹೇಳಿ: ಓಡಿಸುವವನಿಗೆ ಯಾವ ಬೆಲ್ಟ್ ಇದೆಯೋ ಪಕ್ಕದ ಸೀಟಿಗೂ ಅದೇ ಇರಬೇಕು. ಪೋರ್ಷೆ ಕ್ಲಬ್ಬಿನವರ ನಿಯಮವಿದು, ಎಲ್ಲ ಕಡೆಗೂ ಒಪ್ಪುವಂಥದು. ಮಾಲೀಕರು ತಮ್ಮ ಸೀಟಿಗೆ ಮಾತ್ರ ಆರು ಪಟ್ಟಿಯ ಬೆಲ್ಟ್ ಹಾಕಿಸಿಕೊಂಡು ಪಕ್ಕಕ್ಕೆ ಕಂಪನಿಯ ಮಾಮೂಲಿ ಬೆಲ್ಟನ್ನೇ ಬಿಟ್ಟಿದ್ದರೆ, ಆ ಕಾರಿಗೆ ಹತ್ತಬಾರದು.

ಫಾರಂ ಎಂದು ಅವರು ಹೇಳುತ್ತಿರುವುದು ಹೊಣೆಮುಕ್ತಿಯ ಕರಾರು. ಏನಾದರೂ ಆದರೆ ಆಯೋಜಕರನ್ನಾಗಲಿ ಟ್ರ್ಯಾಕಿನವರನ್ನಾಗಲಿ ಕೇಳುವುದಿಲ್ಲ ಎಂಬ ಒಪ್ಪಿಗೆ. ಬೆಳಗಿನ ಆರೂವರೆಗೆ ಟೇಬಲ್ಲಿನ ಮುಂದೆ ಸಾಲಿನಲ್ಲಿ ನಿಂತು ಓದುವ ಕಾಗದವಲ್ಲ ಅದು. ಮೊದಲೇ ತರಿಸಿಕೊಂಡು, ನಿಮ್ಮ ಊರಿನ ಕೋರ್ಟಿನ ಪರಿಚಯದ ವಕೀಲರೊಬ್ಬರಿಗೆ ತೋರಿಸಿ. ಕಲಿಯುವವನಿಗೆ ಪೆಟ್ಟಾದರೆ ಅವನ ಮನೆಯವರು ತರಬೇತುದಾರನನ್ನು ಹೊಣೆ ಮಾಡಬಹುದೇ ಎಂಬುದನ್ನು ಅವರಿಂದ ವಿಶೇಷವಾಗಿ ಕೇಳಿ, ಏಕೆಂದರೆ ಕರಾರು ಆಯೋಜಕರನ್ನು ಕಾಪಾಡುವಂತೆ ಬರೆದಿರುತ್ತದೆ, ಅದರಲ್ಲಿ ಸ್ವಯಂಸೇವಕರ ಹೆಸರೇ ಇಲ್ಲದಿರಬಹುದು.

ಇಷ್ಟನ್ನೂ ಕೇಳಿದ್ದಕ್ಕೆ ಅವರು ಸಿಡಿಮಿಡಿಗೊಂಡರೆ ನನ್ನ ಹೆಸರು ಹೇಳಿ. ಉತ್ತರ ಹುಡುಕಿಕೊಂಡು ಬಂದರೆ, ಬಿಟ್ಟುಕೊಡಿ. ಈ ಸೀಟಿನಲ್ಲಿ ಕೂರುವವರಿಗೆ ಬೇಕಾದದ್ದು ಆ ತಾಳ್ಮೆಯೇ.

ಪ್ರಶ್ನೆ: ನನಗೆ 24 ವರ್ಷ. ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿದ್ದಾನೆ, ಟ್ರ್ಯಾಕಿನಲ್ಲಿ ತರಬೇತಿ ಪಡೆದವನು. ಟ್ರ್ಯಾಕಿನ ಫೀಸು ಕೊಡಲಾಗದ ನಮ್ಮಂಥ ನಾಲ್ಕು ಹುಡುಗರಿಗೆ ಉಚಿತವಾಗಿ ಕಲಿಸಲು ಸಿದ್ಧನಿದ್ದಾನೆ. ಚಿತ್ರದುರ್ಗದಿಂದ ಹೊಸಪೇಟೆ ಕಡೆಗೆ ಹೋಗುವ ಹೆದ್ದಾರಿ ಬೆಳಗಿನ ಐದಕ್ಕೆ ಖಾಲಿ ಇರುತ್ತದೆ. ಹಿಂದೆ ಚೆನ್ನೈ ಬಳಿ ಶೋಲಾವರಂನ ಹಳೆಯ ವಿಮಾನ ಪಟ್ಟಿಯಲ್ಲೇ ರೇಸ್ ನಡೆಯುತ್ತಿತ್ತಂತಲ್ಲ. ಹಾಗಿದ್ದ ಮೇಲೆ ಖಾಲಿ ಹೆದ್ದಾರಿಯಲ್ಲಿ ಕಲಿತರೆ ತಪ್ಪೇನು?
ಒಬ್ಬ ಓದುಗ, ಚಿತ್ರದುರ್ಗ

ಉತ್ತರ: ಶೋಲಾವರಂನ ಪಟ್ಟಿಯಲ್ಲಿ ರೇಸ್ ನಡೆಯುತ್ತಿದ್ದುದು ನಿಜ. ಅಲ್ಲಿ ಎದುರಿನಿಂದ ಹಾಲಿನ ವ್ಯಾನು ಬರುತ್ತಿರಲಿಲ್ಲ. ಹೆದ್ದಾರಿ ಎಷ್ಟೇ ಖಾಲಿ ಕಂಡರೂ ಅಲ್ಲಿ ಮಾರ್ಷಲ್ ಇಲ್ಲ, ಜಾರಿದ ಕಾರು ನಿಲ್ಲಲು ಬಯಲಿಲ್ಲ, ಡಿವೈಡರಿನ ಸಂದಿಯಿಂದ ಯಾವಾಗ ಯಾರು ದಾಟುತ್ತಾರೆ ಎಂಬುದು ಗೊತ್ತಿಲ್ಲ. ನಾಲ್ಕು ಪಥದ ವಿಭಜಿತ ಹೆದ್ದಾರಿಯಲ್ಲಿ ಕಾರಿನ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ಎಂದು ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದೆ. ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ನಿಮ್ಮ ಅಣ್ಣ ನಿಜವಾಗಿ ಟ್ರ್ಯಾಕಿನಲ್ಲಿ ಕಲಿತವನಾಗಿದ್ದರೆ ಈ ಮಾತಿಗೆ ಅವನೇ ಮೊದಲು ಬೇಡ ಎನ್ನಬೇಕಿತ್ತು. ಹಾಗೆ ಹೇಳಿಲ್ಲವಾದರೆ, ಅವನು ತರಬೇತುದಾರನಾಗುವ ವಿಚಾರವನ್ನು ಸದ್ಯಕ್ಕೆ ಬಿಡುವುದು ಅವನಿಗೂ ನಿಮಗೂ ಒಳ್ಳೆಯದು.

ಅವನಿಗೆ ಕಲಿಸುವ ಆಸೆ ಇದ್ದೇ ಇದ್ದರೆ ನಿಂತ ಕಾರಿನಲ್ಲಿ ಕಲಿಸಲು ಹೇಳಿ. ಅರ್ಧ ದಿನದ ಪಾಠ ಅಲ್ಲಿಯೇ ಇದೆ. ಬೆನ್ನು ಸೀಟಿಗೆ ಪೂರ್ತಿ ಒರಗಿದಾಗ ಚಾಚಿದ ಕೈಯ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ತಾಗಬೇಕು, ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ನಿಮ್ಮ ನಾಲ್ವರಲ್ಲಿ ಇಬ್ಬರಾದರೂ ಹೀಗೆ ಕೂರುತ್ತಿರಲಾರಿರಿ. ಆಮೇಲೆ ಮಾಲೀಕರ ಅನುಮತಿ ಪಡೆದ, ಜನ-ದನ ಓಡಾಡದ, ಗಟ್ಟಿ ನೆಲದ ವಿಶಾಲವಾದ ಜಾಗದಲ್ಲಿ 40 ಕಿ.ಮೀ. ವೇಗದಿಂದ ಬ್ರೇಕನ್ನು ಪೂರ್ತಿ ಒತ್ತಿ, ಗಾಲಿಗಳು ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕೆಲಸ ಮಾಡುವಾಗ ಕಾಲಿಗೆ ಬರುವ ಗಡಗಡ ನಡುಕವನ್ನು ಪರಿಚಯ ಮಾಡಿಕೊಳ್ಳಿ. ಅದನ್ನು ಮೊದಲ ಸಲ ಕಂಡು ಬೆದರಿ ಕಾಲು ಎತ್ತುವವರೇ ಹೆಚ್ಚು. ಕೈಯಲ್ಲಿ ಸ್ವಲ್ಪ ದುಡ್ಡು ಸೇರಿದ ಮೇಲೆ ಬೆಂಗಳೂರಿನ ಗೋ-ಕಾರ್ಟ್ ಟ್ರ್ಯಾಕುಗಳಿಗೆ ಹೋಗಿ. ದೊಡ್ಡ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸುವ ಖರ್ಚಿಗಿಂತ ಬಹಳ ಕಡಿಮೆಯಲ್ಲಿ, ತಿರುವಿನಲ್ಲಿ ಕಾರು ಸಾಗಬೇಕಾದ ಗೆರೆ ಹಿಡಿಯುವುದನ್ನು ಅಲ್ಲಿ ಕಲಿಯಬಹುದು, ಮತ್ತು ನಿಮ್ಮ ಅಣ್ಣ ತಡೆಬೇಲಿಯ ಹೊರಗೆ ನಿಂತು ಎಷ್ಟು ಬೇಕಾದರೂ ಹೇಳಿಕೊಡಬಹುದು.